ಕೇಸ್ ಶೀಟ್ ಓದಬಲ್ಲವರಿಗೆ ಕೆಲಸ: ಆಸ್ಪತ್ರೆ ದಾಖಲೆಗಳ ವೃತ್ತಿ ಎತ್ತ ಹೊರಟಿದೆ?

ಪಿಯುಸಿ ಫಲಿತಾಂಶ ಬಂದ ಕೂಡಲೇ ಮನೆಗಳಲ್ಲಿ ಕೋರ್ಸ್‌ಗಳ ಲೆಕ್ಕಾಚಾರ ಶುರುವಾಗುತ್ತದೆ. ಎಂಬಿಬಿಎಸ್ ಸೀಟು ಸಿಗೋದು ಕಷ್ಟ, ನರ್ಸಿಂಗ್ ಮನಸ್ಸಿಗೆ ಬರಲ್ಲ, ಆದರೂ ಆಸ್ಪತ್ರೆ ಕ್ಷೇತ್ರದಲ್ಲೇ ಇರಬೇಕು ಅನ್ನುವ ಮಕ್ಕಳಿಗೆ ಈಚೆಗೆ ಒಂದು ಹೊಸ ಹೆಸರು ಕೇಳಿಬರುತ್ತಿದೆ: ಹೆಲ್ತ್ ಇನ್ಫರ್ಮೇಶನ್ ಮ್ಯಾನೇಜ್‌ಮೆಂಟ್. ಚಿಕ್ಕದಾಗಿ ಎಚ್‌ಐಎಂ.

ಹೆಸರಿನ ಜೊತೆಗೇ ಗೊಂದಲವೂ ಬಂದಿದೆ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹತ್ತು ವೃತ್ತಿಗಳಿಗೆ ದೇಶಕ್ಕೆಲ್ಲ ಒಂದೇ ಪಠ್ಯಕ್ರಮ ಬಿಡುಗಡೆ ಮಾಡಿತು. ಫಿಸಿಯೋಥೆರಪಿ, ಡಯಾಲಿಸಿಸ್, ಆಪ್ಟೊಮೆಟ್ರಿಗಳ ಸಾಲಿನಲ್ಲಿ ಎಚ್‌ಐಎಂ ಕೂಡ ಇತ್ತು. ಅದೇ ವರ್ಷ ಯುಜಿಸಿ ಇನ್ನೊಂದು ಆದೇಶ ಹೊರಡಿಸಿತು. ಇಂಥ ಕೋರ್ಸ್‌ಗಳನ್ನು ಇನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ನಡೆಸುವಂತಿಲ್ಲ ಎಂದಿತು. ಇತ್ತ ಮೊಬೈಲ್ ತೆರೆದರೆ 'ಮೂರೇ ತಿಂಗಳಲ್ಲಿ ಮೆಡಿಕಲ್ ಕೋಡಿಂಗ್ ಕಲಿಯಿರಿ, ಕೆಲಸ ಗ್ಯಾರಂಟಿ' ಅನ್ನುವ ಜಾಹೀರಾತು. ಸ್ವಲ್ಪ ಕೆಳಗೆ ಹೋದರೆ ಎಐ ಬಂದು ಕೋಡಿಂಗ್ ಕೆಲಸವೆಲ್ಲ ಹೋಗುತ್ತದೆ ಅನ್ನುವ ಸುದ್ದಿ.

ಇವೆಲ್ಲ ಒಂದೇ ಕೆಲಸದ ಮಾತಾ? ಸರ್ಕಾರ ನಾಲ್ಕು ವರ್ಷ ಓದಬೇಕಾದಷ್ಟು ದೊಡ್ಡದು ಅನ್ನುತ್ತಿರುವುದನ್ನು ಇನ್ಯಾರೋ ಮೂರು ತಿಂಗಳಲ್ಲಿ ಹೇಗೆ ಕಲಿಸುತ್ತಾರೆ? ಕೆಲಸ ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ? ಇದನ್ನು ತಿಳಿಯಬೇಕಾದರೆ ಮೊದಲು ಆ ಕೆಲಸ ಏನು ಅಂತ ಹತ್ತಿರದಿಂದ ನೋಡಬೇಕು.

ಹಾವು ಕಚ್ಚಿದವರ ಒಂದು ಕೇಸ್ ಶೀಟ್

ಮಲೆನಾಡಿನ ಒಂದು ಅಡಿಕೆ ತೋಟ ಅಂದುಕೊಳ್ಳಿ. ಹುಲ್ಲು ಕೊಯ್ಯುತ್ತಿದ್ದ ಕೂಲಿಯವರೊಬ್ಬರಿಗೆ ಕೊಳಕುಮಂಡಲ ಕಚ್ಚುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಅವರ ರಕ್ತವನ್ನು ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಇಟ್ಟು ನೋಡುತ್ತಾರೆ. ಹೆಪ್ಪುಗಟ್ಟುವುದಿಲ್ಲ. ವಿಷಕ್ಕೆ ಎಎಸ್‌ವಿ, ಅಂದರೆ ಹಾವಿನ ವಿಷ ಇಳಿಸುವ ಔಷಧಿ ಕೊಟ್ಟು ಜಿಲ್ಲಾಸ್ಪತ್ರೆಗೆ ಕಳಿಸುತ್ತಾರೆ. ಅಲ್ಲಿ ಮೂತ್ರ ಕಡಿಮೆಯಾಗುತ್ತದೆ, ಡಯಾಲಿಸಿಸ್ ಮಾಡಬೇಕಾಗುತ್ತದೆ. ಹನ್ನೆರಡು ದಿನ ಆದ ಮೇಲೆ ಆರಾಮಾಗಿ ಮನೆಗೆ ಹೋಗುತ್ತಾರೆ.

ಅವರ ಕೈಯಲ್ಲಿ ಡಿಸ್ಚಾರ್ಜ್ ಸಮ್ಮರಿ. ಆಸ್ಪತ್ರೆಯಲ್ಲಿ ಉಳಿಯುವುದು ದಪ್ಪನೆಯ ಕೇಸ್ ಶೀಟ್. ಅದು ವಾರ್ಡಿನಿಂದ ಎಂಆರ್‌ಡಿಗೆ, ಅಂದರೆ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಬರುತ್ತದೆ. ಅಲ್ಲಿರುವವರು ಒಂದೊಂದೇ ಹಾಳೆ ತಿರುವಿ ನೋಡುತ್ತಾರೆ. ವೈದ್ಯರ ಸಹಿ ಇದೆಯಾ? ಡಯಾಲಿಸಿಸ್‌ಗೆ ಒಪ್ಪಿಗೆ ಪತ್ರ ಇದೆಯಾ? ಎಷ್ಟು ವೈಲ್ ಎಎಸ್‌ವಿ, ಎಷ್ಟು ಹೊತ್ತಿಗೆ? ಪೊಲೀಸರಿಗೆ ತಿಳಿಸಿದ್ದರೆ ಎಂಎಲ್‌ಸಿ (ಕಾನೂನಿಗೆ ಸಂಬಂಧಿಸಿದ ಪ್ರಕರಣ) ನಂಬರ್ ಬರೆದಿದ್ದಾರಾ? ಏನಾದರೂ ಬಿಟ್ಟುಹೋಗಿದ್ದರೆ ಕಡತ ಮತ್ತೆ ವಾರ್ಡಿಗೆ.

ಆಮೇಲೆ ಕೋಡ್. ಪ್ರತಿ ಕಾಯಿಲೆಗೂ ಗಾಯಕ್ಕೂ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ಸಂಕೇತದ ಪಟ್ಟಿ ಐಸಿಡಿ. ಅದರ ಹತ್ತನೇ ಆವೃತ್ತಿಯಲ್ಲಿ ಹಾವಿನ ವಿಷಕ್ಕೆ ಟಿ63.0. ಮೂತ್ರಪಿಂಡ ದಿಢೀರನೆ ಕೈಕೊಟ್ಟಿದ್ದಕ್ಕೆ ಎನ್17. ವಿಷದ ಹಾವಿನ ಸಂಪರ್ಕ, ಅದೂ ಹೊಲ ಅಥವಾ ತೋಟದಲ್ಲಿ, ಅನ್ನುವುದಕ್ಕೆ ಎಕ್ಸ್20.7. ಆ ಕೊನೆಯ 7 ಅನ್ನುವ ಅಂಕಿ ಜಾಗ ಹೇಳುತ್ತದೆ. ಮನೆಯೊಳಗೆ ಕಚ್ಚಿದ್ದರೆ ಅಲ್ಲಿ 0 ಬರುತ್ತಿತ್ತು.

ಈಗ ನೋಡಿ ಕಷ್ಟ ಎಲ್ಲಿದೆ ಅಂತ. ಕೇಸ್ ಶೀಟಿನ ಮೊದಲ ಪುಟದಲ್ಲಿ ವೈದ್ಯರು ಬರೆದಿರುವುದು 'ಹಾವು ಕಡಿತ' ಅಂತ ಮಾತ್ರ. ಒಳಗೆ ಲ್ಯಾಬ್ ರಿಪೋರ್ಟಿನಲ್ಲಿ ಮೂತ್ರಪಿಂಡ ಸೋತಾಗ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ದಿನದಿನಕ್ಕೆ ಏರಿದೆ. ಡಯಾಲಿಸಿಸ್ ಚಾರ್ಟ್ ಇದೆ. ಆದರೆ ಮೂತ್ರಪಿಂಡ ವಿಫಲವಾಗಿತ್ತು ಅಂತ ವೈದ್ಯರು ಎಲ್ಲೂ ಬರೆದಿಲ್ಲ. ವೈದ್ಯರು ಬರೆಯದ ಕಾಯಿಲೆಯನ್ನು ಕೋಡ್ ಮಾಡುವವರು ತಾವಾಗಿ ಸೇರಿಸುವಂತಿಲ್ಲ. ಇದು ಈ ವೃತ್ತಿಯ ಮೊದಲ ನಿಯಮ. ಅವರು ಮಾಡಬೇಕಾದ್ದು ವೈದ್ಯರಿಗೆ ಒಂದು ಕ್ವೆರಿ ಕಳಿಸುವುದು: 'ಡಯಾಲಿಸಿಸ್ ಯಾವ ಕಾರಣಕ್ಕೆ ಅಂತ ದಯವಿಟ್ಟು ನಮೂದಿಸಿ.' ಈ ಪ್ರಶ್ನೆ ಹುಟ್ಟಬೇಕಾದರೆ ಕ್ರಿಯಾಟಿನಿನ್ ಅಂದರೇನು, ಕೊಳಕುಮಂಡಲದ ವಿಷ ದೇಹದಲ್ಲಿ ಏನು ಮಾಡುತ್ತದೆ ಅಂತ ಗೊತ್ತಿರಬೇಕು. ಕೋಡ್ ಪುಸ್ತಕ ಬಾಯಿಪಾಠ ಇದ್ದರೆ ಸಾಲದು.

ಪ್ರಶ್ನೆ ಕೇಳದಿದ್ದರೆ ಏನಾಗುತ್ತದೆ? ಸರ್ಕಾರಿ ವಿಮಾ ಯೋಜನೆಗೆ ಕಳಿಸಿದ ಕ್ಲೇಮ್‌ನಲ್ಲಿ ಡಯಾಲಿಸಿಸ್‌ಗೆ ಕಾರಣ ಕಾಣುವುದಿಲ್ಲ, ಹಣ ತಡೆಹಿಡಿಯುತ್ತಾರೆ. ಗಡಿಬಿಡಿಯಲ್ಲಿ ಯಾರೋ 'ವಿಷ' ಅಂತಷ್ಟೇ ನಮೂದಿಸಿದರೆ ಕೀಟನಾಶಕ ಕುಡಿದವರ ಲೆಕ್ಕವೂ ಹಾವು ಕಚ್ಚಿದವರ ಲೆಕ್ಕವೂ ಕಲಸಿಹೋಗುತ್ತದೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಅಂತ ಘೋಷಿಸಿತು. ಎಲ್ಲಿ ಜಾಸ್ತಿ ಕಚ್ಚುತ್ತಿದೆ, ಯಾವ ಆಸ್ಪತ್ರೆಯಲ್ಲಿ ಎಷ್ಟು ಎಎಸ್‌ವಿ ಇರಬೇಕು ಅಂತ ಸರಿಯಾಗಿ ತಿಳಿಯಲೆಂದೇ ಈ ಘೋಷಣೆ. ಆ ಲೆಕ್ಕ ಹುಟ್ಟುವ ಜಾಗ ಎಂಆರ್‌ಡಿಯ ಆ ಮೇಜು. ಅಲ್ಲಿ ತಪ್ಪಿದರೆ ಮುಂದಿನ ವರ್ಷ ಇನ್ನೊಬ್ಬರಿಗೆ ಹಾವು ಕಚ್ಚಿದಾಗ ಹತ್ತಿರದ ಆಸ್ಪತ್ರೆಯಲ್ಲಿ ಔಷಧಿ ಇಲ್ಲದೇ ಹೋಗಬಹುದು.

ಮೂಲೆಯ ಕೋಣೆಗೆ ಈಗ ಯಾಕೆ ಬೆಲೆ ಬಂತು

ಎಂಆರ್‌ಡಿ ಹೊಸದೇನಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲೋ ಮೆಟ್ಟಿಲ ಕೆಳಗೋ ಒಂದು ಕೋಣೆ, ಕಬ್ಬಿಣದ ರ‍್ಯಾಕ್‌ಗಳು, ದಾರ ಕಟ್ಟಿದ ಕಡತಗಳು, ಧೂಳು. ಬಹಳ ಕಡೆ ಇವತ್ತಿಗೂ ಹೀಗೇ ಇದೆ. ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಲ್ಲೇ ಇತ್ತು. ಆದರೂ 'ಕಡತ ಜೋಡಿಸಿಡೋ ಕೆಲಸ' ಅನ್ನುವ ಅಸಡ್ಡೆ ಹೋಗಿರಲಿಲ್ಲ.

ಬದಲಾಗಿದ್ದು ಕಳೆದ ಏಳೆಂಟು ವರ್ಷಗಳಲ್ಲಿ. ದೊಡ್ಡ ಕಾರಣ ವಿಮೆ. 2018ರ ಸೆಪ್ಟೆಂಬರ್‌ನಲ್ಲಿ ಆಯುಷ್ಮಾನ್ ಭಾರತ್ ವಿಮಾ ಯೋಜನೆ ಬಂತು, ನಮ್ಮಲ್ಲಿ ಅದು ಆರೋಗ್ಯ ಕರ್ನಾಟಕದ ಜೊತೆ ಸೇರಿತು. ಅಲ್ಲಿಯವರೆಗೆ ಬಹುಪಾಲು ರೋಗಿಗಳು ದುಡ್ಡು ಕಟ್ಟುತ್ತಿದ್ದರು, ರಸೀದಿ ಒಯ್ಯುತ್ತಿದ್ದರು. ಈಗ ಪ್ಯಾಕೇಜಿನ ಪ್ರಕಾರ ಕ್ಲೇಮ್ ಕಳಿಸಿ ಆಸ್ಪತ್ರೆ ಹಣ ಪಡೆಯಬೇಕು. ಕಾಗದ ಸರಿ ಇಲ್ಲದಿದ್ದರೆ ಹಣ ಇಲ್ಲ. ಖಾಸಗಿ ವಿಮೆಯಲ್ಲೂ ಒತ್ತಡ ಹೆಚ್ಚಿದೆ. 2024ರ ಮೇ ತಿಂಗಳಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಒಂದು ಸುತ್ತೋಲೆ ಹೊರಡಿಸಿತು. ಕ್ಯಾಶ್‌ಲೆಸ್ ಕೋರಿಕೆಗೆ ವಿಮಾ ಕಂಪನಿ ಒಂದು ಗಂಟೆಯಲ್ಲಿ ಉತ್ತರ ಕೊಡಬೇಕು. ಬಿಡುಗಡೆ ಸಮಯದ ಅನುಮತಿ ಮೂರು ಗಂಟೆಯೊಳಗೆ ಕೊಡಬೇಕು. ಗಡುವು ಕಂಪನಿಗೆ. ಆದರೆ ಆಸ್ಪತ್ರೆ ಅರ್ಧಂಬರ್ಧ ಕಾಗದ ಕಳಿಸಿದರೆ ಮೂರು ಗಂಟೆಯಲ್ಲಿ ಮುಗಿಯುವುದು ಹೇಗೆ? ಹಾಗಾಗಿ ರೋಗಿ ಇನ್ನೂ ಹಾಸಿಗೆಯಲ್ಲಿರುವಾಗಲೇ ಕಡತದ ಕೊರತೆ ಸರಿಪಡಿಸಿ ಸಿದ್ಧ ಮಾಡುವವರು ಬೇಕಾದರು. ಈ ಕೆಲಸಕ್ಕೆ ಈಗ ಬೇರೆ ಹುದ್ದೆಗಳೇ ಇವೆ: ದಾಖಲಾತಿಯ ಕೊರತೆ ಸರಿಪಡಿಸುವವರು, ಕ್ಲೇಮ್ ಪರಿಶೀಲಿಸುವವರು, ನಿರಾಕರಿಸಿದ ಕ್ಲೇಮ್‌ಗೆ ಉತ್ತರ ಬರೆಯುವವರು.

ಎರಡನೆಯದು ಆಭಾ ಅನ್ನುವ ಆರೋಗ್ಯ ಸಂಖ್ಯೆ. 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ವಿಸ್ತರಿಸಿದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಪ್ರತಿಯೊಬ್ಬರಿಗೂ 14 ಅಂಕಿಯ ಆರೋಗ್ಯ ಸಂಖ್ಯೆ ಕೊಡುತ್ತದೆ. 70 ಕೋಟಿಗೂ ಹೆಚ್ಚು ಸಂಖ್ಯೆಗಳು ಸೃಷ್ಟಿಯಾಗಿವೆ. ಒಂದು ಆಸ್ಪತ್ರೆಯ ದಾಖಲೆ ರೋಗಿಯ ಒಪ್ಪಿಗೆಯ ಮೇಲೆ ಇನ್ನೊಂದು ಆಸ್ಪತ್ರೆಗೆ ಸಿಗಬೇಕು ಅನ್ನುವುದು ಉದ್ದೇಶ. ಸಂಖ್ಯೆ ಕೊಡುವುದು ಸುಲಭ. ಅದರ ಹಿಂದೆ ಸರಿಯಾದ ದಾಖಲೆ ಇರುವಂತೆ ನೋಡಿಕೊಳ್ಳುವುದು ಕಷ್ಟ.

ನಮ್ಮ ಹೆಸರುಗಳನ್ನೇ ನೋಡಿ. ಒಂದು ಚೀಟಿಯಲ್ಲಿ ಮಂಜುನಾಥ, ಇನ್ನೊಂದರಲ್ಲಿ ಎಚ್. ಮಂಜುನಾಥ್, ಮತ್ತೊಂದರಲ್ಲಿ ಮಂಜುನಾಥ ಹನುಮಂತಪ್ಪ. ಹುಟ್ಟಿದ ದಿನ ನೆನಪಿಲ್ಲ ಅಂದರೆ ಎಲ್ಲರಿಗೂ ಜನವರಿ 1 ಅಂತ ಹಾಕಿಬಿಡುತ್ತಾರೆ. ಒಬ್ಬರೇ ಮನುಷ್ಯ ಕಂಪ್ಯೂಟರಿನಲ್ಲಿ ಮೂವರು ರೋಗಿಗಳಾಗುತ್ತಾರೆ. ಪೆನ್ಸಿಲಿನ್ ಆಗಿಬರಲ್ಲ ಅನ್ನುವ ಮಾತು ಮೊದಲ ನಂಬರಿನಲ್ಲಿ ಕುಳಿತಿರುತ್ತದೆ, ಚಿಕಿತ್ಸೆ ಮೂರನೇ ನಂಬರಿನಲ್ಲಿ ನಡೆಯುತ್ತಿರುತ್ತದೆ. ಇಂಥ ಜೋಡಿ ನಂಬರುಗಳನ್ನು ಹುಡುಕಿ, ಇಬ್ಬರೂ ಒಬ್ಬರೇ ಅಂತ ಖಾತ್ರಿ ಮಾಡಿಕೊಂಡು ಒಂದು ಮಾಡುವುದು ಎಚ್‌ಐಎಂ ಕಲಿತವರ ಕೆಲಸ. ಜೀವ ಉಳಿಸುವ ಕೆಲಸ ಅಂದರೆ ಉತ್ಪ್ರೇಕ್ಷೆಯಲ್ಲ.

ಮೂರನೆಯ ಕಾರಣ ಭಯ. 2022ರ ನವೆಂಬರ್‌ನಲ್ಲಿ ದಿಲ್ಲಿಯ ಏಮ್ಸ್ ಮೇಲೆ ಸೈಬರ್ ದಾಳಿಯಾಯಿತು. ಸರ್ವರ್‌ಗಳು ನಿಂತುಹೋದವು. ದೇಶದ ಅತಿ ದೊಡ್ಡ ಆಸ್ಪತ್ರೆಗಳಲ್ಲಿ ಒಂದು ದಿನಗಟ್ಟಲೆ ಪೆನ್ನು, ಕಾಗದ ಹಿಡಿದು ಒಪಿಡಿ ನಡೆಸಬೇಕಾಯಿತು. ಕಂಪ್ಯೂಟರಿಗೆ ಹೋದ ದಾಖಲೆಯನ್ನು ಕಾಯುವುದೂ ಒಂದು ವೃತ್ತಿ ಅನ್ನುವುದು ಆಗ ಬಹಳ ಆಸ್ಪತ್ರೆಗಳಿಗೆ ಅರಿವಾಯಿತು.

ಮೆಡಿಕಲ್ ಕೋಡಿಂಗ್: ಅಮೆರಿಕದ ಬಿಲ್, ಬೆಂಗಳೂರಿನ ಮೇಜು

ಜಾಹೀರಾತಿನ 'ಮೆಡಿಕಲ್ ಕೋಡಿಂಗ್' ಮೇಲೆ ಹೇಳಿದ ಕೆಲಸದ ಒಂದು ತುಂಡು ಮಾತ್ರ. ಅದೂ ಬಹುಪಾಲು ನಮ್ಮ ಆಸ್ಪತ್ರೆಗಳದ್ದಲ್ಲ, ಅಮೆರಿಕದ್ದು. ಗೊಂದಲದ ಬೇರು ಇರುವುದೇ ಇಲ್ಲಿ.

ಅಮೆರಿಕದಲ್ಲಿ ವೈದ್ಯರಿಗೆ ಹಣ ಬರುವುದು ವಿಮಾ ಕಂಪನಿಯಿಂದ. ಪ್ರತಿ ಭೇಟಿಗೂ, ಪ್ರತಿ ಎಕ್ಸ್‌ರೇಗೂ ಸರಿಯಾದ ಕೋಡ್ ಹಾಕಿ ಕಳಿಸಬೇಕು. ಅವರು ಐಸಿಡಿ-10ನ್ನು ತಮಗೆ ಬೇಕಾದಂತೆ ಹಿಗ್ಗಿಸಿಕೊಂಡು 2015ರ ಅಕ್ಟೋಬರ್ 1ರಿಂದ ಜಾರಿಗೆ ತಂದರು. ಹಳೆಯ ಪಟ್ಟಿಯಲ್ಲಿ ಸುಮಾರು 14 ಸಾವಿರ ಕೋಡ್‌ಗಳಿದ್ದವು, ಹೊಸದರಲ್ಲಿ ಸುಮಾರು 70 ಸಾವಿರ. ಚಿಕಿತ್ಸೆಯ ಕೋಡ್‌ಗಳು ಬೇರೆ, ಅವು ಅಲ್ಲಿನ ವೈದ್ಯರ ಸಂಘದ್ದು. ಕಾಯಿಲೆಯ ಪಟ್ಟಿ ಪ್ರತಿ ಅಕ್ಟೋಬರ್‌ಗೆ ಬದಲಾಗುತ್ತದೆ, ಚಿಕಿತ್ಸೆಯ ಪಟ್ಟಿ ಪ್ರತಿ ಜನವರಿಗೆ. ಇಷ್ಟು ಕೆಲಸವನ್ನು ಅಲ್ಲೇ ಮಾಡಿಸುವುದು ದುಬಾರಿ. ಹಾಗಾಗಿ ಬೆಂಗಳೂರು, ಚೆನ್ನೈ, ಹೈದರಾಬಾದ್‌ಗಳಲ್ಲಿ ಸಾವಿರಾರು ಯುವಕ ಯುವತಿಯರಿಗೆ ಕೆಲಸ ಸಿಕ್ಕಿತು. ಜೀವಶಾಸ್ತ್ರ, ಫಾರ್ಮಸಿ, ನರ್ಸಿಂಗ್ ಓದಿ ಕೆಲಸ ಸಿಗದವರಿಗೆ ಇದೊಂದು ಆಸರೆಯಾಯಿತು. ಇದನ್ನು ಹಗುರ ಮಾಡಿ ಮಾತಾಡುವುದು ತಪ್ಪು. ಸಣ್ಣ ಊರಿನ ಎಷ್ಟೋ ಹೆಣ್ಣುಮಕ್ಕಳು ಸ್ವಂತ ಕಾಲ ಮೇಲೆ ನಿಂತದ್ದು ಇದರಿಂದಲೇ.

ಇಲ್ಲಿ ಕೇಳುವ ಅರ್ಹತೆ ಅಮೆರಿಕದ ಸಂಸ್ಥೆಗಳ ಪ್ರಮಾಣಪತ್ರ. ಎಲ್ಲರೂ ಹೇಳುವ ಸಿಪಿಸಿ (ಸರ್ಟಿಫೈಡ್ ಪ್ರೊಫೆಷನಲ್ ಕೋಡರ್) ಪರೀಕ್ಷೆಯಲ್ಲಿ 100 ಪ್ರಶ್ನೆ, ನಾಲ್ಕು ಗಂಟೆ, ಕೋಡ್ ಪುಸ್ತಕ ನೋಡಿಕೊಂಡೇ ಬರೆಯಬಹುದು. ಪಾಸಾದರೂ ಅನುಭವ ಇಲ್ಲದವರ ಪ್ರಮಾಣಪತ್ರದ ಮುಂದೆ 'ಎ' ಅಕ್ಷರ ಇರುತ್ತದೆ, ಇನ್ನೂ ಕಲಿಯುತ್ತಿದ್ದಾರೆ ಅಂತ ಅರ್ಥ. ಮೂರು ತಿಂಗಳ ತರಬೇತಿಯವರು ಕಲಿಸುವುದು ಬಹುಪಾಲು ಈ ಪರೀಕ್ಷೆಗೆ. ಸುಳ್ಳೇನಲ್ಲ. ಆದರೆ ಇದು ಎಚ್‌ಐಎಂ ಪದವಿಗೆ ಸಾಟಿಯಲ್ಲ, 'ಕೆಲಸ ಗ್ಯಾರಂಟಿ' ಅನ್ನುವ ಮಾತಿಗೆ ಆಧಾರವೂ ಇಲ್ಲ.

ಎಐ ಬಂದರೆ ಯಾರ ಕೆಲಸ ಹೋಗುತ್ತದೆ

ಇದಕ್ಕೆ ಉತ್ತರ ಬೆಂಗಳೂರಿನ ಹಳೆಯ ಕಥೆಯೊಂದರಲ್ಲಿದೆ. ಸುಮಾರು 2000ದ ಹೊತ್ತಿಗೆ ಎಲ್ಲೆಲ್ಲೂ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ತರಬೇತಿ ಕೇಂದ್ರಗಳು. ಅಮೆರಿಕದ ವೈದ್ಯರು ಧ್ವನಿಮುದ್ರಿಸಿ ಕಳಿಸಿದ್ದನ್ನು ಇಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿ ಟೈಪ್ ಮಾಡಬೇಕು. ಅಲ್ಲಿ ರಾತ್ರಿಯಾದಾಗ ಇಲ್ಲಿ ಹಗಲು, ಅವರು ಬೆಳಿಗ್ಗೆ ಎದ್ದಾಗ ವರದಿ ಸಿದ್ಧ. ಸಾಲ ಮಾಡಿ ಫೀಸು ಕಟ್ಟಿ ಸೇರಿದವರು ಎಷ್ಟೋ ಜನ. ಆಮೇಲೆ ಎರಡು ಬದಲಾವಣೆಗಳು ಒಟ್ಟಿಗೇ ಬಂದವು. ಮಾತನ್ನು ಅಕ್ಷರ ಮಾಡುವ ಸಾಫ್ಟ್‌ವೇರ್ ಸುಧಾರಿಸಿತು. 2009ರಲ್ಲಿ ಅಮೆರಿಕ ಹೊಸ ಕಾನೂನು ಮಾಡಿ ಆಸ್ಪತ್ರೆಗಳು ಎಲೆಕ್ಟ್ರಾನಿಕ್ ದಾಖಲೆಗೆ ಹೋಗಲು ಹಣ ಕೊಟ್ಟಿತು, ವೈದ್ಯರು ತಾವೇ ಪರದೆಯ ಮೇಲೆ ತುಂಬತೊಡಗಿದರು. ಕೇಳಿ ಟೈಪ್ ಮಾಡುವ ಕೆಲಸ ಕರಗಿತು. ಉಳಿದವರು ಯಾರು? ಯಂತ್ರ ಬರೆದದ್ದನ್ನು ಓದಿ, ಔಷಧಿಯ ಹೆಸರೋ ಪ್ರಮಾಣವೋ ತಪ್ಪಿದ್ದನ್ನು ಹಿಡಿಯಬಲ್ಲವರು.

ಕೋಡಿಂಗ್‌ನಲ್ಲೂ ಅದೇ ನಡೆಯುತ್ತಿದೆ. ಒಂದೇ ಥರದ, ಚಿಕ್ಕ ದಾಖಲೆಗಳಲ್ಲಿ ಸಾಫ್ಟ್‌ವೇರ್ ಚೆನ್ನಾಗಿ ಕೆಲಸ ಮಾಡುತ್ತದೆ. ಎದೆಯ ಎಕ್ಸ್‌ರೇ ವರದಿಗೆ ಕೋಡ್ ಹಾಕಲು ಮನುಷ್ಯರೇ ಬೇಕು ಅನ್ನುವ ಕಾಲ ಮುಗಿಯುತ್ತಾ ಬಂದಿದೆ. ಆದರೆ ಆ ಹಾವು ಕಚ್ಚಿದವರ ಕೇಸ್ ಶೀಟ್ ನೆನಪಿಸಿಕೊಳ್ಳಿ. ಹನ್ನೆರಡು ದಿನ, ಎರಡು ಆಸ್ಪತ್ರೆ, ಮೂರು ಥರದ ಕೈಬರಹ. ಬರೆಯಬೇಕಾದ್ದನ್ನು ಬರೆಯದೇ ಬಿಟ್ಟ ವೈದ್ಯರು. ಕಡತದಲ್ಲಿ ಇದ್ದದ್ದನ್ನು ಯಂತ್ರ ಓದಬಲ್ಲದು, ಏರಿದ ಕ್ರಿಯಾಟಿನಿನ್ ಕಂಡು ಎಚ್ಚರಿಸಲೂಬಹುದು. ಅದು ನಿಜವೋ ಅಲ್ಲವೋ ತೂಗಿ, ಕೆಲಸದ ಒತ್ತಡದಲ್ಲಿರುವ ವೈದ್ಯರ ಹತ್ತಿರ ಹೋಗಿ ಬರೆಸಿಕೊಂಡು ಬಂದು, ನಾಳೆ ಆಡಿಟ್‌ನಲ್ಲಿ ಪ್ರಶ್ನೆ ಬಂದರೆ ಉತ್ತರ ಕೊಡುವವರು ಮನುಷ್ಯರೇ ಆಗಬೇಕು.

ಹಾಗಾಗಿ 'ಎಐ ಬಂತು, ಎಲ್ಲ ಮುಗಿಯಿತು' ಅನ್ನುವವರೂ, 'ಏನೂ ಆಗಲ್ಲ, ಸೇರಿ' ಅನ್ನುವ ತರಬೇತಿ ಕೇಂದ್ರದವರೂ ಅರ್ಧ ಸತ್ಯ ಹೇಳುತ್ತಿದ್ದಾರೆ. ಹೊಸಬರು ಸೇರುತ್ತಿದ್ದ ಮೊದಲ ಮೆಟ್ಟಿಲೇ ಸವೆಯುತ್ತಿದೆ. ಇದು ಚಿಂತೆಯ ವಿಷಯ, ಯಾಕೆಂದರೆ ಸುಲಭದ ದಾಖಲೆಗಳಲ್ಲಿ ಕೈ ಪಳಗಿಸಿಕೊಂಡೇ ಎಲ್ಲರೂ ಮೇಲೆ ಹೋಗುತ್ತಿದ್ದರು. ಆ ಮೆಟ್ಟಿಲು ಇಲ್ಲದಿದ್ದರೆ ಕಾಲೇಜಿನಲ್ಲೇ, ಆಸ್ಪತ್ರೆಯ ಇಂಟರ್ನ್‌ಶಿಪ್‌ನಲ್ಲೇ ಆ ಅಭ್ಯಾಸ ಸಿಗಬೇಕು. ದೀರ್ಘ ಪದವಿಯ ಪರವಾಗಿ ಇರುವ ಅತಿ ಗಟ್ಟಿ ವಾದ ಇದೇ.

ಇನ್ನೊಂದು ಅಪಾಯ ಅಮೆರಿಕದ ರಾಜಕೀಯದ್ದು. ಹೊರದೇಶಕ್ಕೆ ಕೆಲಸ ಕೊಡುವ ಕಂಪನಿಗಳ ಪಾವತಿಯ ಮೇಲೆ ಶೇ. 25 ತೆರಿಗೆ ಹಾಕಬೇಕು ಅನ್ನುವ ಮಸೂದೆ 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸೆನೆಟ್‌ನಲ್ಲಿ ಮಂಡನೆಯಾಯಿತು. ಕಾನೂನಾಗಲಿ ಬಿಡಲಿ, ಒಂದೇ ದೇಶದ ಬಿಲ್ಲಿಂಗ್ ನಂಬಿ ಇಡೀ ವೃತ್ತಿ ಕಟ್ಟಿಕೊಳ್ಳುವುದು ಎಷ್ಟು ನಾಜೂಕಿನ ವಿಷಯ ಅಂತ ಅದು ತೋರಿಸಿತು.

ಕಾಯ್ದೆ ಕೊಟ್ಟದ್ದು, ಕೊಡದೇ ಇರುವುದು

2021ರಲ್ಲಿ ಸಂಸತ್ತು ಸಹಾಯಕ ಆರೋಗ್ಯ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗ ರಚಿಸುವ ಕಾಯ್ದೆ ಮಾಡಿತು. ಅದರ ಅನುಸೂಚಿಯಲ್ಲಿ ಹತ್ತು ವರ್ಗಗಳಿವೆ, ಹತ್ತನೆಯದೇ ಆರೋಗ್ಯ ಮಾಹಿತಿ ನಿರ್ವಹಣೆ. ದಾಖಲೆ ವಿಶ್ಲೇಷಕರು, ಕ್ಲಿನಿಕಲ್ ಕೋಡರ್‌ಗಳು, ಟ್ರಾನ್ಸ್‌ಕ್ರಿಪ್ಷನ್ ಮಾಡುವವರು ಎಲ್ಲ ಅದರೊಳಗೆ ಬರುತ್ತಾರೆ. ಕಾಯ್ದೆ ಎರಡು ಹಂತ ಮಾಡಿದೆ. ಎರಡರಿಂದ ನಾಲ್ಕು ವರ್ಷಗಳಲ್ಲಿ ಕನಿಷ್ಠ 2,000 ಗಂಟೆ ಕಲಿತವರು ಸಹಾಯಕ ವೃತ್ತಿಪರರು. ಮೂರರಿಂದ ಆರು ವರ್ಷಗಳಲ್ಲಿ ಕನಿಷ್ಠ 3,600 ಗಂಟೆ ಓದಿ ಪದವಿ ಪಡೆದವರು ಆರೋಗ್ಯ ವೃತ್ತಿಪರರು. ರಾಜ್ಯದಲ್ಲೂ ಕೇಂದ್ರದಲ್ಲೂ ನೋಂದಣಿ ಪುಸ್ತಕ ಇರಬೇಕು. ರಾಜ್ಯಗಳು ಮಂಡಳಿ ರಚಿಸುವುದರಲ್ಲಿ ಎಷ್ಟು ತಡ ಮಾಡಿದವೆಂದರೆ, 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಎರಡು ತಿಂಗಳ ಗಡುವು ಕೊಡಬೇಕಾಯಿತು.

ಈ ಗಂಟೆಗಳ ಲೆಕ್ಕ ಇಟ್ಟುಕೊಂಡು ನೋಡಿದರೆ ಯುಜಿಸಿ ದೂರಶಿಕ್ಷಣ ನಿಲ್ಲಿಸಿದ್ದು ಅರ್ಥವಾಗುತ್ತದೆ. ಕೇಸ್ ಶೀಟ್ ಕೈಯಲ್ಲಿ ಹಿಡಿಯದೆ ಈ ವಿದ್ಯೆ ಬರುವುದಿಲ್ಲ.

ಆದರೆ ವಿರೋಧದ ಮಾತುಗಳೂ ಇವೆ, ಅವನ್ನು ತಳ್ಳಿಹಾಕುವಂತಿಲ್ಲ. ನಮ್ಮ ರಾಜ್ಯದಲ್ಲಿ ಪ್ಯಾರಾಮೆಡಿಕಲ್ ಬೋರ್ಡ್‌ನ ಮೆಡಿಕಲ್ ರೆಕಾರ್ಡ್ಸ್ ಡಿಪ್ಲೊಮಾ ಮುಗಿಸಿ ವರ್ಷಗಟ್ಟಲೆ ಕೆಲಸ ಮಾಡುತ್ತಿರುವವರಿದ್ದಾರೆ. ಪದವೀಧರರು ಬಂದರೆ ತಾವು ಎರಡನೇ ದರ್ಜೆಯವರಾಗುತ್ತೇವಾ ಅನ್ನುವುದು ಅವರ ಆತಂಕ. ಕಡತದ ಅನುಭವ ಇರುವುದು ಅವರಿಗೇ. ಕಂಪನಿಗಳ ವಾದ ಇನ್ನೊಂದು: ನಮಗೆ ಬೇಕಾದ್ದನ್ನು ನಾವೇ ಆರು ತಿಂಗಳಲ್ಲಿ ಕಲಿಸಿಕೊಳ್ಳುತ್ತೇವೆ, ನಾಲ್ಕು ವರ್ಷ ಯಾಕೆ? ಸಣ್ಣ ನರ್ಸಿಂಗ್ ಹೋಮ್‌ಗಳದ್ದು ಹಣದ ಚಿಂತೆ. ಎಂಆರ್‌ಡಿಯಿಂದ ನೇರ ಆದಾಯ ಇಲ್ಲ, ಪದವೀಧರರಿಗೆ ಸಂಬಳ ಎಲ್ಲಿಂದ ಕೊಡುವುದು ಅನ್ನುತ್ತಾರೆ.

ಕಂಪನಿಗಳ ವಾದ ಅಮೆರಿಕದ ಬಿಲ್ಲಿಂಗ್‌ಗೆ ಸರಿ ಹೋಗಬಹುದು, ಜಿಲ್ಲಾಸ್ಪತ್ರೆಗೆ ಹೋಗಲ್ಲ. ನರ್ಸಿಂಗ್ ಹೋಮ್‌ನವರ ಮಾತಿಗೆ ಉತ್ತರ ತಿರಸ್ಕೃತ ಕ್ಲೇಮ್‌ಗಳಲ್ಲೇ ಇದೆ: ಕಡತ ಸರಿ ಇಲ್ಲದೆ ಕಳೆದುಕೊಂಡ ಹಣವನ್ನೂ ಲೆಕ್ಕ ಹಾಕಬೇಕು. ಡಿಪ್ಲೊಮಾದವರ ಆತಂಕಕ್ಕೆ ಮಾತ್ರ ಸರ್ಕಾರವೇ ಉತ್ತರ ಕೊಡಬೇಕು. ಅವರಿಗೆ ಪದವಿಗೆ ಸೇರುವ ಅಡ್ಡದಾರಿಯಲ್ಲ, ನೇರ ದಾರಿ ಬೇಕು.

ಕಾಯ್ದೆ ಕೊಡದೇ ಇರುವುದು ಹುದ್ದೆ. ನೋಂದಣಿ ಆಯಿತು ಅಂದ ಮಾತ್ರಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಮಂಜೂರಾದ ಹುದ್ದೆ ಸೃಷ್ಟಿಯಾಗುವುದಿಲ್ಲ. ಅದು ರಾಜ್ಯದ ನೇಮಕಾತಿ ನಿಯಮದಲ್ಲಿ ಬರಬೇಕು, ಬಜೆಟ್‌ನಲ್ಲಿ ಹಣ ಇಡಬೇಕು. ಪದವಿ ಕೊಡುವ ಕಾಲೇಜು ಹೆಚ್ಚಿ ಹುದ್ದೆ ಹೆಚ್ಚದಿದ್ದರೆ ಇನ್ನೊಂದು ನಿರುದ್ಯೋಗಿ ಪದವೀಧರರ ಪಡೆ ತಯಾರಾಗುತ್ತದೆ.

ಜಾಹೀರಾತಿನಲ್ಲಿ ಕಾಣದ ದಾರಿಗಳು

ಒಂದು, ರೋಗ ನೋಂದಣಿ. ದೇಶದ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ 1980ರ ದಶಕದ ಆರಂಭದಲ್ಲಿ ಶುರುವಾದಾಗ ಜನಸಂಖ್ಯೆ ಆಧಾರಿತ ಮೊದಲ ಕೇಂದ್ರಗಳಲ್ಲಿ ಬೆಂಗಳೂರಿನ ಕಿದ್ವಾಯಿ ಕೂಡ ಒಂದು. ಇವತ್ತು ಅದನ್ನೆಲ್ಲ ನಡೆಸುವ ಐಸಿಎಂಆರ್‌ನ ರೋಗ ಮಾಹಿತಿ ಕೇಂದ್ರದ ಮುಖ್ಯ ಕಚೇರಿ ಇರುವುದೂ ಬೆಂಗಳೂರಿನಲ್ಲೇ. ಯಾವ ಊರಲ್ಲಿ ಯಾವ ಕ್ಯಾನ್ಸರ್ ಹೆಚ್ಚುತ್ತಿದೆ ಅಂತ ಗೊತ್ತಾಗುವುದು ಕಡತದಿಂದ ಕಡತಕ್ಕೆ ಹೋಗಿ ಮಾಹಿತಿ ಹೆಕ್ಕುವವರಿಂದ.

ಸಾವಿನ ಕಾರಣದ ದಾಖಲೆ ಇನ್ನೊಂದು. ಇದು ನಮ್ಮ ದೊಡ್ಡ ಹುಳುಕು. 2020ರ ವರದಿಯಂತೆ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯಕೀಯವಾಗಿ ಕಾರಣ ದೃಢಪಡಿಸಿದ್ದು ಶೇ. 22.5 ಮಾತ್ರ. ಬರೆದ ಕಡೆಯೂ ಎಷ್ಟೋ ಸಲ 'ಹೃದಯ ಸ್ತಂಭನ' ಅಂತಷ್ಟೇ ಇರುತ್ತದೆ. ಹೃದಯ ನಿಲ್ಲದೆ ಯಾರೂ ಸಾಯುವುದಿಲ್ಲ, ಅಲ್ವಾ? ಸಕ್ಕರೆ ಕಾಯಿಲೆಯ ಅಜ್ಜಿಯ ಕಾಲಿನ ಗಾಯ ಕೊಳೆತು, ನಂಜು ರಕ್ತಕ್ಕೇರಿ ತೀರಿಕೊಂಡಿದ್ದರೆ ಮೂಲ ಕಾರಣ ಸಕ್ಕರೆ ಕಾಯಿಲೆ. ಪ್ರಮಾಣಪತ್ರದಲ್ಲಿ ಈ ಸರಪಳಿಯನ್ನು ಕೆಳಗಿನಿಂದ ಮೇಲಕ್ಕೆ ಬರೆಯಲು ಸಾಲುಗಳೇ ಇವೆ. ಅವನ್ನು ಸರಿಯಾಗಿ ತುಂಬಿಸುವಂತೆ ನೋಡಿಕೊಳ್ಳುವವರು ಪ್ರತಿ ತಾಲ್ಲೂಕಿಗೂ ಬೇಕು. ಇಲ್ಲದಿದ್ದರೆ ಸಕ್ಕರೆ ಕಾಯಿಲೆಗೆ ಹಣ ಬೇಕು ಅಂತ ಕೇಳಲು ಸರ್ಕಾರದ ಬಳಿ ಲೆಕ್ಕವೇ ಇರುವುದಿಲ್ಲ.

ಐಸಿಡಿ-11 ವಿಶ್ವಮಟ್ಟದಲ್ಲಿ 2022ರ ಜನವರಿಯಿಂದ ಬಂದಿದೆ, ಅದು ಕಂಪ್ಯೂಟರಿಗೆಂದೇ ರೂಪಿಸಿದ್ದು. 2024ರ ಜನವರಿಯಲ್ಲಿ ಆಯುರ್ವೇದ, ಸಿದ್ಧ, ಯುನಾನಿ ರೋಗಗಳ ಹೆಸರುಗಳೂ ಅದರಲ್ಲಿ ಸೇರಿದವು. ಆಯುರ್ವೇದ ಕಾಲೇಜುಗಳು ಇಷ್ಟೊಂದು ಇರುವ ಕರ್ನಾಟಕದಲ್ಲಿ ಎರಡೂ ಬದಿಯ ಪರಿಭಾಷೆ ಬಲ್ಲವರಿಗೆ ಇದು ಹೊಸ ಕೆಲಸ.

ಕೊನೆಯದು ನಮ್ಮ ಭಾಷೆಗೆ ಸಂಬಂಧಿಸಿದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಪ್ರಕಾರ ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಬೇಕಾದ್ದರಲ್ಲಿ ಓದುವ ಅವಕಾಶ ಜನರಿಗೆ ಇರಬೇಕು. ಕನ್ನಡ ಅದರಲ್ಲಿದೆ. 'ನಿಮ್ಮ ರಿಪೋರ್ಟ್ ಯಾರು ನೋಡ್ತಾರೆ, ಯಾಕೆ ನೋಡ್ತಾರೆ, ಬೇಡ ಅಂದ್ರೆ ಹೇಗೆ ನಿಲ್ಲಿಸಬಹುದು' ಅಂತ ರೋಗಿಗೆ ಅರ್ಥವಾಗುವ ಕನ್ನಡದಲ್ಲಿ ಬರೆಯುವವರು, ಕೌಂಟರಿನಲ್ಲಿ ಕೂತು ಹೇಳುವವರು ಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಇಲ್ಲಿ ಹಿಂಜರಿಕೆ ಬೇಡ, ಅವರ ಭಾಷೆಯೇ ಅವರ ಬಲ.

ಸೇರುವ ಮುಂಚೆ ಕೇಳಿಕೊಳ್ಳಬೇಕಾದ್ದು

ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯಾ, ಅಲ್ಲಿನ ಎಂಆರ್‌ಡಿಯಲ್ಲಿ ಎಷ್ಟು ತಿಂಗಳು ಕೂರಿಸುತ್ತಾರೆ ಅಂತ ಮೊದಲು ಕೇಳಿ. ಮಣಿಪಾಲದಂಥ ಕಡೆ ಎಚ್‌ಐಎಂಗೆ ಬೇರೆ ವಿಭಾಗವೇ ಇದೆ. ಎಲ್ಲ ಕಡೆ ಹಾಗಿಲ್ಲ. ಪಾಠ ರಾಷ್ಟ್ರೀಯ ಆಯೋಗದ ಹೊಸ ಪಠ್ಯಕ್ರಮದ್ದಾ, ನೋಂದಣಿಗೆ ಅರ್ಹವಾ ಅಂತ ಬರಹದಲ್ಲಿ ಕೇಳಿ. ಅಂಗರಚನೆ, ರೋಗಶಾಸ್ತ್ರ ಗಟ್ಟಿಯಾಗಿ ಕಲಿಸದ ಕೋರ್ಸ್ ಬೇಡ. ಈಗಾಗಲೇ ಪದವಿ ಇದ್ದು ಬೇಗ ಸಂಪಾದನೆ ಬೇಕಾದವರು ಕೋಡಿಂಗ್ ತರಬೇತಿಗೆ ಸೇರುವುದಾದರೆ ಸೇರಲಿ, ಆದರೆ ಗುರಿ ಸುಲಭದ ದಾಖಲೆಗಳಲ್ಲಿ ನಿಲ್ಲದೆ ಒಳರೋಗಿಗಳ ಕೋಡಿಂಗ್, ಆಡಿಟ್ ಕಡೆಗಿರಲಿ.

2027ರ ಮೇ ಬರುವಷ್ಟರಲ್ಲಿ

ಇಷ್ಟೆಲ್ಲ ಹೇಳಿದ ಮೇಲೂ ಕಾಲದ ಲೆಕ್ಕವೊಂದು ಉಳಿಯುತ್ತದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುತ್ತಿಲ್ಲ. ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಭಾಗಗಳಿಗೆ ಕೊಟ್ಟ ಸಮಯ 18 ತಿಂಗಳು. ಅಂದರೆ 2027ರ ಮೇ ಹೊತ್ತಿಗೆ ಆಸ್ಪತ್ರೆಗಳೂ ಅದನ್ನು ಪಾಲಿಸಬೇಕು. ರಕ್ಷಣೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಹೊಸ ಪಠ್ಯಕ್ರಮದ ಮೊದಲ ವಿದ್ಯಾರ್ಥಿಗಳು 2026ರಲ್ಲೇ ಸೇರಿದರೂ ಆಗ ಅವರಿನ್ನೂ ಮೊದಲ ವರ್ಷದ ಪರೀಕ್ಷೆಯ ಹೊತ್ತಿನಲ್ಲಿರುತ್ತಾರೆ. ಪದವಿ ಮುಗಿಸಿ ಹೊರಬರುವುದು ಬೇಗ ಅಂದರೂ 2030ರಲ್ಲಿ.

ಆ ನಡುವಿನ ವರ್ಷಗಳಲ್ಲಿ ಕೆಲಸ ಯಾರು ಮಾಡುತ್ತಾರೆ? ಈಗ ಎಂಆರ್‌ಡಿಯಲ್ಲಿ ಕಡತ ಜೋಡಿಸುತ್ತಿರುವ ಡಿಪ್ಲೊಮಾದವರು, ವಿಮೆ ಕೌಂಟರಿನ ಹುಡುಗಿಯರು, ಯೋಜನೆಯ ರೋಗಿಗಳಿಗೆ ದಾರಿ ತೋರಿಸುವ ಆರೋಗ್ಯ ಮಿತ್ರರು. ಬಹಳಷ್ಟು ಜನ ಗುತ್ತಿಗೆಯವರು, ಸಂಬಳ ಕಡಿಮೆ. ಅವರಿಗೆ ಕೆಲಸ ಬಿಡದೆ ಕಲಿಯುವಂಥ ತರಬೇತಿ, ಕಲಿತದ್ದಕ್ಕೆ ನೋಂದಣಿ, ನೋಂದಣಿಗೆ ತಕ್ಕ ಸಂಬಳ ಈಗಲೇ ಸಿಗಬೇಕು. ಜಿಲ್ಲಾಸ್ಪತ್ರೆಗಳು, ಆರೋಗ್ಯ ವಿಶ್ವವಿದ್ಯಾಲಯ, ಪ್ಯಾರಾಮೆಡಿಕಲ್ ಬೋರ್ಡ್ ಮೂರೂ ಸೇರಿದರೆ ಇದು ಈ ವರ್ಷವೇ ಶುರುವಾಗಬಹುದು. ಹಾವು ಕಚ್ಚಿದವರ ಕೇಸ್ ಶೀಟ್ ನಾಳೆ ಬೆಳಿಗ್ಗೆ ಹೋಗುವುದು ಅವರ ಮೇಜಿಗೇ.